ಹಳೇ ಹಟ್ಟಿಗಳ ಚಿತ್ರ ಬರೆಯಿರಿ

ನಮ್ಮ ಕಾಸರಗೋಡಿನಲ್ಲಿ ಚಿತ್ರ ಬರೆಯುವವರ ಹತ್ತಿರ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ಬೇಕಲ ಕೋಟೆ, ಅನಂತಪುರದ ಕೆರೆ ದೇವಸ್ಥಾನ, ತೆಯ್ಯಂ, ಯಕ್ಷಗಾನದ ಕಿರೀಟ ಇವನ್ನೆಲ್ಲ ಬರೆಯಲು ಬೇಕಾದಷ್ಟು ಜನ ಇದ್ದಾರೆ. ನೀವು ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ತೋಟದ ಬದಿಯಲ್ಲಿ ಒಂದು ಪಕ್ಕ ವಾಲಿಕೊಂಡು ನಿಂತಿರುವ ಹಳೇ ಹಟ್ಟಿಗಳನ್ನು, ಅಂದರೆ ದನದ ಕೊಟ್ಟಿಗೆಗಳನ್ನು ಬರೆಯಿರಿ. ಕೋಟೆ ಎಲ್ಲಿಗೂ ಹೋಗುವುದಿಲ್ಲ. ಹಟ್ಟಿ ಮುಂದಿನ ಮಳೆಗಾಲ ದಾಟುವುದೇ ಕಷ್ಟ.

ಎಷ್ಟು ಚಂದದ ಕಟ್ಟಡ ಅದು! ಕೆಂಪು ಮುರಕಲ್ಲಿನ ಗೋಡೆ, ಅಡಿಕೆ ಮರದ ಸಲಕೆ, ಮಾಡಿಗೆ ಅಂದರೆ ಛಾವಣಿಗೆ ಮುಳಿಹುಲ್ಲು. ಕೆಳಗೆ ದನ, ಅಟ್ಟದಲ್ಲಿ ಬೈಹುಲ್ಲು, ಮೂಲೆಯಲ್ಲಿ ನೊಗ ನೇಗಿಲು, ಹಿಂದೆ ಗೊಬ್ಬರದ ಗುಂಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಂಚು ಮೊದಲು ಮನೆಗೆ ಬಂತು, ಆಮೇಲೆ ಹಟ್ಟಿಗೆ.

ಗದ್ದೆ ಹೋಯಿತು, ಅದರ ಹಿಂದೆಯೇ ಹಟ್ಟಿಯೂ ಹೊರಟಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ನಿಂತಿತು, ಉಳುವವರಿಗೆ ಭೂಮಿ ಸಿಕ್ಕಿತು. ಅದು ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಮನೆಗಳಿಗೆ ಗೇಣಿ ಭತ್ತ ಬರುವುದು ನಿಂತು ಭತ್ತ ತುಂಬಿಡುವ ಪತ್ತಾಯ ಖಾಲಿಯಾಯಿತು. ಮುಂದೆ ಕೂಲಿ ಏರಿತು, ಅಡಿಕೆಯಲ್ಲಿ ದುಡ್ಡು ಜಾಸ್ತಿ ಬಂತು, ಎಷ್ಟೋ ಗದ್ದೆಗಳು ತೋಟವಾದವು. ಗದ್ದೆ ಇಲ್ಲದ ಮನೆಯಲ್ಲಿ ಬೈಹುಲ್ಲು ಎಲ್ಲಿಂದ? ಉಳುವ ಕೋಣ ಯಾಕೆ? ಕಾಸರಗೋಡು ಗಿಡ್ಡ ದನಗಳೂ ಕಡಿಮೆಯಾದವು. ಹಟ್ಟಿಯಲ್ಲಿ ಮೊದಲು ಕಟ್ಟಿಗೆ ತುಂಬಿದರು, ಆಮೇಲೆ ಅದನ್ನು ಕೆಡವಿ ಕಾರಿಗೆ ಶೆಡ್ ಹಾಕಿದರು.

ಫೋಟೋ ತೆಗೆದರೆ ಸಾಲದಾ ಅಂತ ಕೇಳುತ್ತಾರೆ. ತೆಗೆಯಿರಿ, ಅದೂ ಬೇಕು. ಆದರೆ ಕೂತು ಬರೆಯುವಾಗ, ಮಾಡು ಹೊರುವ ಪಕ್ಕಾಸು ಗೋಡೆಯ ಮೇಲೆ ಹೇಗೆ ಕೂತಿದೆ, ಮಾಡು ಯಾಕೆ ಅಷ್ಟು ಕೆಳಗೆ ಇಳಿದಿದೆ, ನಮ್ಮ ಮಳೆಗೆ ಗೋಡೆ ನೆನೆಯದ ಹಾಗೆ ಹೇಗೆ ಕಾಪಾಡಿದ್ದಾರೆ ಅನ್ನುವುದೆಲ್ಲ ಅರ್ಥವಾಗದೆ ಗೆರೆ ಸರಿಯಾಗಿ ಬೀಳುವುದೇ ಇಲ್ಲ. ಅಷ್ಟು ಹೊತ್ತು ಕೂತರೆ ಮನೆಯ ಅಜ್ಜಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. "ಬೈಪಣೆ ಆ ಬದಿಯಲ್ಲಿ ಇತ್ತು ಮಗಾ" ಅಂತ ದನಕ್ಕೆ ಹುಲ್ಲು ಹಾಕುತ್ತಿದ್ದ ಜಾಗ ತೋರಿಸುತ್ತಾರೆ. ಯಾವ ದನ ಎಲ್ಲಿ ಕಟ್ಟುತ್ತಿದ್ದರು ಅಂತ ಹೆಸರು ಹಿಡಿದು ಹೇಳುತ್ತಾರೆ. ಇದನ್ನು ಬರೆದಿಟ್ಟವರು ಯಾರೂ ಇಲ್ಲ, ಅಲ್ವಾ?

ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮಾಡಿಗೆ ನೀಲಿ ಟರ್ಪಾಲು ಕಟ್ಟಿದ್ದರೆ ಅದೂ ಇರಲಿ, ತುಕ್ಕು ಹಿಡಿದ ಶೀಟೂ ಇರಲಿ. ಇಲ್ಲದ ದನವನ್ನು ಸುಮ್ನೆ ತಂದು ನಿಲ್ಲಿಸಬೇಡಿ. ಒಳಗಿನ ಕತ್ತಲೆಗೆ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಆ ಕತ್ತಲೆಗೆ ಜೀವ ಬರುತ್ತದೆ. ಗೋಡೆಗೂ ಅದೇ ಸಿಯೆನ್ನಾ ಹೊಂದುತ್ತದೆ, ಪಾಚಿ ಒಣಗಿ ಕಪ್ಪಾದ ಕಡೆ ಸ್ವಲ್ಪ ನೀಲಿ ಸೇರಿಸಿ. ಜೋರು ಮಳೆಯ ಆಟಿ ತಿಂಗಳಲ್ಲಿ ಜಲವರ್ಣ ಒಣಗುವುದೇ ಇಲ್ಲ. ಮಳೆ ಬಿಟ್ಟ ಮೇಲೆ, ಗೋಡೆಯ ಹಸಿರು ಮಾಸುವ ಮೊದಲು ಹೋಗಿ.

ಚಿತ್ರದ ಹಿಂದೆ ಊರು, ಮನೆಯ ಹೆಸರು, ಇಸವಿ ಬರೆಯಿರಿ. ಒಂದು ಪ್ರತಿ ಆ ಮನೆಗೆ ಕೊಡಿ. ಎಣ್ಮಕಜೆ, ಕುಂಬ್ಡಾಜೆ ಕಡೆ ನಿಮಗೆ ಗೊತ್ತಿರುವ ಹಳೇ ಹಟ್ಟಿ ಇದ್ದರೆ, ಮನೆಯವರನ್ನು ಕೇಳಿ ಅವರು ಒಪ್ಪಿದರೆ ನನಗೆ ತಿಳಿಸಿ. ಕಾಗದ, ಬಣ್ಣ ಹಿಡಿದುಕೊಂಡು ನಾನೇ ಬರುತ್ತೇನೆ.