ಸ್ಕ್ಯಾನ್ ತೆಗೆದ ದಿನ ಬೇರೆ, ಕೊಲೆಯಾದ ದಿನ ಬೇರೆ

ರಾತ್ರಿ ಟೀವಿ ಚರ್ಚೆ ನೋಡಿ ಮೈ ಉರಿಯಿತು. "ಕೊಲೆ ಮಾಡ್ತಾರೆ, ಮೆದುಳಿನ ಎಂಆರ್‌ಐ ಸ್ಕ್ಯಾನ್ ತೋರಿಸಿ ಹುಚ್ಚು ಅಂತಾರೆ, ಬಿಡುಗಡೆ ಆಗ್ತಾರೆ" ಎಂದು ನಾಲ್ವರೂ ಅದನ್ನೇ ಹೇಳಿದರು. ಕಾನೂನು ಹಾಗಿಲ್ಲ ಸ್ವಾಮಿ!

ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಅಂದರೆ ಹಳೇ ಐಪಿಸಿ 84, ಕೇಳುವುದಿಷ್ಟು: ಕೃತ್ಯ ನಡೆದ ಹೊತ್ತಿನಲ್ಲಿ ಚಿತ್ತವಿಕಲತೆಯಿಂದಾಗಿ, ಅಂದರೆ ಬುದ್ಧಿ ಸ್ತಿಮಿತದಲ್ಲಿಲ್ಲದ ಕಾರಣ, ತಾನೇನು ಮಾಡುತ್ತಿದ್ದೇನೆ ಎಂದಾಗಲೀ, ಅದು ತಪ್ಪು ಅಥವಾ ಕಾನೂನುಬಾಹಿರ ಎಂದಾಗಲೀ ತಿಳಿಯುವ ಶಕ್ತಿ ಆರೋಪಿಗೆ ಇರಲಿಲ್ಲವೇ? ಎಂಟು ತಿಂಗಳ ಮೇಲೆ ತೆಗೆದ ಸ್ಕ್ಯಾನ್ ಆ ಹೊತ್ತಿನ ಬಗ್ಗೆ ಏನು ಹೇಳೀತು? ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ ಎಂದು ವೈದ್ಯರು ಬರೆದುಕೊಟ್ಟರೂ ಅದೊಂದೇ ಸಾಲದು. ಸಾಬೀತು ಮಾಡುವ ಹೊಣೆಯೂ ಆರೋಪಿಯದೇ.

ಕೇಸು ನಿಲ್ಲುವುದು ಹಳೇ ಓಪಿ ಚೀಟಿ, ಮಾತ್ರೆ ಬಿಟ್ಟ ದಿನ, ಅಕ್ಕಪಕ್ಕದವರ ಸಾಕ್ಷಿ ಇವುಗಳ ಮೇಲೆ. ರಕ್ತ ಹತ್ತಿದ ಮಚ್ಚನ್ನು ತೊಳೆದು ಬಚ್ಚಿಟ್ಟನೇ, ಇಲ್ಲಾ ಅದನ್ನು ಹಿಡಿದು ಹೆಣದ ಪಕ್ಕದಲ್ಲೇ ಕೂತಿದ್ದನೇ? ಕೋರ್ಟು ನೋಡುವುದು ಇದನ್ನು. ಎಡವಟ್ಟಾಗುವುದು ತನಿಖೆಯಲ್ಲಿ. ಹಿಂದೆ ಕಾಯಿಲೆ ಇತ್ತೆಂದು ಗೊತ್ತಾದರೆ ತನಿಖಾಧಿಕಾರಿ ವೈದ್ಯಕೀಯ ಪರೀಕ್ಷೆ ಮಾಡಿಸಿ ವರದಿಯನ್ನು ಕೋರ್ಟಿನ ಮುಂದಿಡಬೇಕು, ಇಲ್ಲದಿದ್ದರೆ ಪ್ರಾಸಿಕ್ಯೂಷನ್ನಿಗೇ ಪೆಟ್ಟು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ತಿಂಗಳುಗಟ್ಟಲೆ ತಡವಾದ ಮೇಲೆ ಯಾವ ಯಂತ್ರಕ್ಕೂ ಆ ದಿನವನ್ನು ವಾಪಸು ತರಲಾಗುವುದಿಲ್ಲ.

ಇನ್ನು ಬಿಡುಗಡೆ. ಚಿತ್ತವಿಕಲತೆಯ ಕಾರಣಕ್ಕೆ ಖುಲಾಸೆಯಾದರೂ ಕೃತ್ಯ ಎಸಗಿದ್ದು ಅವನೇ ಎಂದು ಕಂಡರೆ ಸುರಕ್ಷಿತ ಬಂಧನ, ಇಲ್ಲವೇ ಜಾಮೀನು ಕೊಟ್ಟ ಬಂಧುವಿನ ಸುಪರ್ದಿ.

"ಎಲ್ಲ ಮಾಡಿಸುವುದು ಮೆದುಳೇ, ಹೊಣೆ ಎಲ್ಲಿಂದ ಬಂತು?" ಎನ್ನುವವರು ನರವಿಜ್ಞಾನಿ ಬೆಂಜಮಿನ್ ಲಿಬೆಟ್‌ನ 1983ರ ಪ್ರಯೋಗ ತರುತ್ತಾರೆ. ಮನಸ್ಸು ಮಾಡಿದೆ ಎಂದು ವ್ಯಕ್ತಿಗೆ ಅನಿಸುವುದಕ್ಕೂ ಸುಮಾರು 350 ಮಿಲಿಸೆಕೆಂಡು ಮೊದಲೇ ಮೆದುಳಿನಲ್ಲಿ ವಿದ್ಯುತ್ ಸಂಕೇತ ಕಂಡಿತ್ತು, ನಿಜ. ಆದರೆ ಅದು ಕೈ ಅಲ್ಲಾಡಿಸುವ ಪ್ರಯೋಗ. ಮೂರು ದಿನ ಹೊಂಚು ಹಾಕಿ, ಮಚ್ಚು ಕೊಂಡು, ಕತ್ತಲಾಗಲಿ ಎಂದು ಕಾದವನಿಗೆ ಅದನ್ನು ಹೇಗೆ ಅಂಟಿಸುತ್ತೀರಿ?

ನನ್ನನ್ನು ಕಾಡುವುದು ಅಮೆರಿಕದ ವರ್ಜೀನಿಯಾದ ಪ್ರಕರಣ. 40 ವರ್ಷದ ಶಿಕ್ಷಕನಲ್ಲಿ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಲೈಂಗಿಕ ಸೆಳೆತ ಹುಟ್ಟಿತು. ಹಣೆಯ ಹಿಂದೆ, ಕಣ್ಣುಗುಳಿಯ ಮೇಲಿನ ಮೆದುಳಿನ ಭಾಗದಲ್ಲಿ ಗೆಡ್ಡೆ ಸಿಕ್ಕಿತು. ತೆಗೆದರು, ಚಾಳಿ ನಿಂತಿತು. ಗೆಡ್ಡೆ ಮತ್ತೆ ಬೆಳೆಯಿತು, ಚಾಳಿಯೂ ಮರಳಿತು. ತಪ್ಪೆಂದು ಅವನಿಗೆ ಗೊತ್ತಿತ್ತು, ತಡೆದುಕೊಳ್ಳಲಾಗಲಿಲ್ಲ. ನಮ್ಮ 22ನೇ ಕಲಮು ತಿಳಿವನ್ನಷ್ಟೇ ಕೇಳುತ್ತದೆ, ಹಿಡಿತವನ್ನು ಕೇಳುವುದಿಲ್ಲ. ಅದರಡಿ ಅವನಿಗೆ ರಕ್ಷಣೆಯಿಲ್ಲ. ಚರ್ಚೆ ಆಗಬೇಕಾದ್ದು ಇದು. ಇದರ ಬಗ್ಗೆ ಆ ನಾಲ್ವರೂ ತುಟಿ ಬಿಚ್ಚಲಿಲ್ಲ.