ಸತ್ಯಾಂಶ: ಅಣಬೆಯಲ್ಲಿ ಬೇಕನ್‌ನಷ್ಟೇ ಪ್ರೋಟೀನ್ ಇದೆಯಾ?

‘ಸ್ಯಾಂಡ್‌ವಿಚ್‌ಗೆ ಬೇಕನ್ (ಉಪ್ಪು ಹಾಕಿ ಸಂಸ್ಕರಿಸಿದ ಹಂದಿಮಾಂಸದ ತೆಳು ಹೋಳು) ಬದಲು ಅಣಬೆ ಹಾಕಿ, ಪ್ರೋಟೀನ್ ಅಷ್ಟೇ ಸಿಗುತ್ತೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ. 100 ಗ್ರಾಂ ಹಸಿ ಅಣಬೆಯಲ್ಲಿ 90 ಗ್ರಾಂನಷ್ಟು ಬರೀ ನೀರು. ಪ್ರೋಟೀನ್ ಸುಮಾರು 3 ಗ್ರಾಂ. ಹುರಿದ ಬೇಕನ್‌ನಲ್ಲಿ ಅದರ ಹತ್ತು ಪಟ್ಟು ಇರುತ್ತದೆ.

ಹಾಗಂತ ಅಣಬೆಯನ್ನು ಬಿಡಬೇಕಿಲ್ಲ. ರುಚಿಗೆ ಅದು ನಿಜಕ್ಕೂ ಒಳ್ಳೆಯ ಬದಲಿ. ಅದರಲ್ಲಿ ಗ್ಲುಟಮೇಟ್ ಎಂಬ ರುಚಿ ಕೊಡುವ ಅಂಶ ಸಹಜವಾಗಿಯೇ ಇದೆ, ಮಾಂಸದಂಥ ರುಚಿಗೆ ಅದೇ ಮುಖ್ಯ ಕಾರಣ. ತೆಳ್ಳಗೆ ಹೆಚ್ಚಿ, ಎಣ್ಣೆ, ಸೋಯಾ ಸಾಸ್ ಸವರಿ, ಒಂದರ ಮೇಲೊಂದು ಬೀಳದಂತೆ ಬಾಣಲೆಯಲ್ಲಿ ಹರಡಿ. ಮೊದಲು ನೀರು ಬಿಡುತ್ತದೆ, ಆಗಲೇ ಇಳಿಸಬೇಡಿ. ನೀರೆಲ್ಲ ಇಂಗಿ, ಅಂಚು ಕಂದು ಬಣ್ಣಕ್ಕೆ ತಿರುಗಬೇಕು. ಸೋಯಾ ಸಾಸ್‌ನಲ್ಲೇ ಉಪ್ಪು ಜಾಸ್ತಿ ಅಲ್ವಾ, ಬೇರೆ ಉಪ್ಪು ಬೇಡ. ಪ್ರೋಟೀನ್ ಬೇಕಿದ್ದರೆ ಜೊತೆಗೆ ತೋಫು (ಸೋಯಾ ಹಾಲಿನ ಪನೀರ್) ಇಡಿ.