ಸತ್ಯಾಂಶ: ತೈ ಚಿ ಮಾಡಿದರೆ ಶುಗರ್ ಮಾತ್ರೆ ಬಿಡಬಹುದಾ?

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುವವರ ವಾಟ್ಸಾಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಚೀನಾದ ತೈ ಚಿ ಮಾಡಿ, ಶುಗರ್, ಬಿಪಿ ಮಾತ್ರೆ ಬಿಡಿ." ಮೊದಲರ್ಧ ಒಳ್ಳೆಯ ಸಲಹೆ. ಉಳಿದದ್ದು ಅಪಾಯ.

ತೈ ಚಿ ಅಂದರೆ ಉಸಿರಿನ ಜೊತೆ ನಿಧಾನವಾಗಿ ಮೈ ಆಡಿಸುವ ವ್ಯಾಯಾಮ. ಅಮೆರಿಕದ 195 ಪಾರ್ಕಿನ್ಸನ್ (ಕೈಕಾಲು ನಡುಗಿಸಿ, ನಡಿಗೆ ಕೆಡಿಸುವ ನರರೋಗ) ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲದಂತೆ 24 ವಾರ ತೈ ಚಿ ಮಾಡಿದವರ ಸಮತೋಲನ ಸುಧಾರಿಸಿತು. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಯಿತು. ವಯಸ್ಸಾದವರಿಗೆ ಇದು ಸಣ್ಣ ಲಾಭವಲ್ಲ, ಅಲ್ವಾ? ಆದರೆ ರೋಗವೇ ವಾಸಿಯಾಯಿತು ಎಂದು ಅದು ಹೇಳಲಿಲ್ಲ.

ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಶುಗರ್ ಕಾಯಿಲೆ) ಇರುವವರು ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಬಿಪಿ ಮಾತ್ರೆ ಸುಮ್ನೆ ಬಿಟ್ಟರೆ ಒತ್ತಡ ಮತ್ತೆ ಏರಬಹುದು, ಗೊತ್ತೇ ಆಗದ ಹಾಗೆ. ತೈ ಚಿ ಖಂಡಿತ ಕಲಿಯಿರಿ. ಡೋಸ್ ಇಳಿಸುವುದನ್ನು ಮಾತ್ರ ಪರೀಕ್ಷೆ ಮಾಡಿ ಡಾಕ್ಟರೇ ಹೇಳಲಿ.